ರೈಲು ಹಳಿಗೆ ದುಡ್ಡು ಹಾಕಿದ್ದು ಲಂಡನ್ನಾ, ನಮ್ಮ ರೈತನಾ?

ಕಂದಾಯದ ಕಡತ: "ಬ್ರಿಟಿಷರು ರೈಲು ಕೊಟ್ಟರು" ಅನ್ನೋರು ಲೆಕ್ಕ ನೋಡಬೇಕು. 1849ರ ಒಪ್ಪಂದದಲ್ಲಿ ಈಸ್ಟ್ ಇಂಡಿಯನ್, ಗ್ರೇಟ್ ಇಂಡಿಯನ್ ಪೆನಿನ್ಸುಲಾ ಅನ್ನೋ ಲಂಡನ್ನಿನ ರೈಲು ಕಂಪನಿಗಳಿಗೆ ಹಾಕಿದ ಬಂಡವಾಳಕ್ಕೆ ಸರ್ಕಾರದಿಂದ ಶೇ. 5 ಬಡ್ಡಿ ಖಾತ್ರಿ. ಜಮೀನು ಪುಕ್ಕಟೆ. ರೈಲು ಶೇ. 3 ದುಡಿದರೆ ಉಳಿದ 2 ಇಲ್ಲಿನ ಬೊಕ್ಕಸದಿಂದ ಹೋಗಬೇಕು. ಆ ಬೊಕ್ಕಸಕ್ಕೆ ದೊಡ್ಡ ಆದಾಯವೇ ಭೂಕಂದಾಯ. ಶೇ. 5 ದಾಟಿದರೆ ಮಾತ್ರ ಷೇರುದಾರರಿಗೆ ಮೇಲಿನ ಲಾಭದಲ್ಲೂ ಪಾಲು!

ಹಳೇ ಸಿಗ್ನಲ್: ಸಾರ್, ಖಾತ್ರಿ ಇಲ್ಲದಿದ್ದರೆ ಕಾಣದ ದೇಶದ ಹಳಿಗೆ ಯಾರು ದುಡ್ಡು ಹಾಕುತ್ತಿದ್ದರು? 1853ರಲ್ಲಿ ಮುಂಬೈನ ಬೋರಿ ಬಂದರ್‌ನಿಂದ ಠಾಣೆಗೆ ಗಾಡಿ ಓಡಿದ್ದು ಆ ದುಡ್ಡಿನಿಂದಲೇ ಅಲ್ವಾ?

ಕಂದಾಯದ ಕಡತ: ಸರ್ಕಾರವೇ ಸಾಲ ಎತ್ತಬಹುದಿತ್ತು. 1869ರ ನಂತರ ಮಾಡಿದ್ದೂ ಅದನ್ನೇ. ಖಾತ್ರಿ ಇದ್ದಾಗ ಖರ್ಚು ಹಿಡಿಯೋರೇ ಇರಲಿಲ್ಲ. ಭಾರತ ಸರ್ಕಾರದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಸಮಿತಿಗೆ ಹೇಳಿದ್ದು ಇದೇ: ಬಡ್ಡಿ ಬರುತ್ತಿರುವವರೆಗೆ ದುಡ್ಡನ್ನು ಹೂಗ್ಲಿ ನದಿಗೆ ಎಸೆದರೂ ಸಾಲ ಕೊಟ್ಟವನಿಗೆ ಒಂದೇ.

ಬಯಲುಸೀಮೆ: ಹಳಿಗಿಂತ ಕಾಲುವೆಗೆ ಹಾಕಬೇಕಿತ್ತು. ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಜೀವನವಿಡೀ ವಾದಿಸಿದ್ದು ಅದನ್ನೇ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಆದರೂ 1876–78ರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಕೈಯಲ್ಲಿ ಕಾಸಿಲ್ಲದವನಿಗೆ ಸ್ಟೇಷನ್ನಿಗೆ ಬಂದ ಧಾನ್ಯದ ಮೂಟೆಯಿಂದ ಏನು ಪ್ರಯೋಜನ?

ಹಳೇ ಸಿಗ್ನಲ್: ರೈಲೇ ಇಲ್ಲದಿದ್ದರೆ ಆ ಮೂಟೆಯೂ ಬರುತ್ತಿರಲಿಲ್ಲ. ಇನ್ನು ಕಾಟನ್ ವಿಚಾರ. ಅವರ ಕನಸಿನ ಕರ್ನೂಲು–ಕಡಪ ಕಾಲುವೆ ಕಟ್ಟಿದ ಮದ್ರಾಸ್ ಇರಿಗೇಷನ್ ಕಂಪನಿಗೂ ಅದೇ ಶೇ. 5 ಖಾತ್ರಿ ಇತ್ತು. ತುಂಗಭದ್ರೆ ನೀರು ಇದ್ದರೂ ಕಂಪನಿ ಎದ್ದು ನಿಲ್ಲಲಿಲ್ಲ, 1882ರಲ್ಲಿ ಸರ್ಕಾರವೇ ಕೊಂಡುಕೊಂಡಿತು.

ಕಂದಾಯದ ಕಡತ: ಒಪ್ಪಿದೆ, ನನ್ನ ವಾದಕ್ಕೆ ಇದೇ ಸಾಕ್ಷಿ. ಹಳಿಯೋ ಕಾಲುವೆಯೋ ಅನ್ನೋದು ಎರಡನೇ ಮಾತು. ನಷ್ಟ ತನ್ನದಲ್ಲ ಅಂತ ಗೊತ್ತಾದವನು ಯಾಕೆ ಹುಷಾರಾಗಿ ಕಟ್ಟುತ್ತಾನೆ? ಬೆಂಗಳೂರು–ಮೈಸೂರು ಮೀಟರ್ ಗೇಜ್ ದಾರಿ ನೋಡಿ. ಬರ ಪರಿಹಾರದ ಕೂಲಿಯಾಗಿ ಜನ ಮಣ್ಣು ಹೊತ್ತರು, ರಾಜ್ಯದ ಹಣದಲ್ಲೇ 1882ರಲ್ಲಿ ಮೈಸೂರು ಮುಟ್ಟಿತು. ಹಾಗೆ ಕಟ್ಟೋಕೆ ಸಾಧ್ಯವಿತ್ತು.

ಬಯಲುಸೀಮೆ: ಆ ಮಣ್ಣು ಹೊತ್ತವರಿಗೆ ಸಿಕ್ಕ ಕೂಲಿಯನ್ನೂ ಲೆಕ್ಕಕ್ಕೆ ಹಿಡೀರಿ. ದುಡ್ಡು ಯಾರು ಹಾಕಿದರು ಅಂತ ಕೇಳುವಾಗ ಅವರ ಹೆಸರೇ ಬರಲ್ಲ.