ಜೋಡಿ ಬದಲಿಸಬೇಕೇ? ಬೀದಿಯಲ್ಲಿರುವ ರೋಗಿಗಳ ಆರೈಕೆ ಕುರಿತು

ಬೆಳಗಿನಪಾಳಿ:
ಬೀದಿಯಲ್ಲೇ ಮಲಗುವ, ಕಾಯಿಲೆ ಬಲಿತವರನ್ನು ನಮ್ಮ ತಂಡ ವಾರಕ್ಕೆ ಮೂರು ದಿನ ಹೋಗಿ ನೋಡುತ್ತದೆ. ಇಬ್ಬಿಬ್ಬರಾಗಿ ಹೋಗುವುದು ನಿಯಮ. ಒಂದು ಜೋಡಿಯಲ್ಲಿ 68 ವರ್ಷದ ನಿವೃತ್ತ ಲೆಕ್ಕಪರಿಶೋಧಕರು ಮತ್ತು ಹಿಂದೆ ಬೀದಿಯಲ್ಲೇ ಬದುಕಿದ್ದ 26ರ ಯುವಕ. ಹೊಂದುವುದಿಲ್ಲ ಅಂದುಕೊಂಡಿದ್ದೆವು, ಈಗ ಒಬ್ಬರನ್ನು ಬಿಟ್ಟು ಒಬ್ಬರು ಹೊರಡುವುದಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಜೋಡಿ ಬದಲಿಸುವುದು ನಮ್ಮ ಪದ್ಧತಿ. ಇವರನ್ನು ಬೇರೆ ಮಾಡಬೇಕೇ? ಕೆಲಸ ಹೇಗೆ ಹಂಚಬೇಕು? ಇವರು ನೋಡುವವರಲ್ಲಿ ಒಬ್ಬರಿಗೆ ಕ್ಷಯ, ಒಬ್ಬರಿಗೆ ಸಕ್ಕರೆ ಕಾಯಿಲೆಯ ಜೊತೆ ಕಾಲಿನ ಹುಣ್ಣು, ಒಬ್ಬರಿಗೆ ಹೃದಯ ವೈಫಲ್ಯ, ಇನ್ನೊಬ್ಬರಿಗೆ ಕೊನೆಯ ಹಂತದ ಕ್ಯಾನ್ಸರ್.

ಹಣತೆ:
ದಯವಿಟ್ಟು ಬೇರೆ ಮಾಡಬೇಡಿ. ಸಾಮಾನ್ಯ ಕ್ಷಯದ ಚಿಕಿತ್ಸೆಯೇ 6 ತಿಂಗಳು. ನಡುವೆ ಮುಖ ಬದಲಾದರೆ ಮಾತ್ರೆ ನಿಲ್ಲುವುದು ಹೆಚ್ಚಾಗಿ ಅಲ್ಲೇ.

ಈ ಸ್ನೇಹ ಬೆಳೆದದ್ದು ಆಕಸ್ಮಿಕವೂ ಅಲ್ಲ. ಮಳೆ ಬಂದರೆ ಯಾರು ಯಾವ ಸೂರಿನಡಿ ಸರಿಯುತ್ತಾರೆ, ಯಾವ ಹೊತ್ತಿನಲ್ಲಿ ಮಾತಾಡಿಸಬಾರದು ಎಂಬುದು ಯುವಕನಿಗೆ ಗೊತ್ತು. ಡಿಸ್ಚಾರ್ಜ್ ಚೀಟಿ ಓದಿ ತಾರೀಖು ತಪ್ಪದಂತೆ ನೋಡುವುದು ಹಿರಿಯರಿಗೆ ಗೊತ್ತು. ಮೊದಲು ಯುವಕ ಹೋಗಿ ರೋಗಿಯ ಪಕ್ಕ ನೆಲದಲ್ಲೇ ಕೂತು ಮಾತಾಡಿಸಲಿ. ಹಿರಿಯರು ಪುಸ್ತಕ ತೆಗೆಯುವುದು ಆಮೇಲೆ, ಅದೂ ಕೇಳಿಕೊಂಡು: ಔಷಧದ ಹೆಸರು, ಪ್ರಮಾಣ, ಉಳಿದ ಮಾತ್ರೆಗಳ ಎಣಿಕೆ, ಮುಂದಿನ ತಪಾಸಣೆ, ಈಗ ಮಲಗುವ ಜಾಗ.

ಕೆಡುವುದು ಎಲ್ಲಿ ಗೊತ್ತೇ? ಹಿರಿಯರು ತೀರ್ಮಾನ ಮಾಡುವವರೂ ಯುವಕ ಚೀಲ ಹೊರುವವನೂ ಆಗಿಬಿಟ್ಟಾಗ. ತಿಂಗಳಿಗೊಮ್ಮೆ ಕೆಲಸ ಅದಲುಬದಲು ಮಾಡಿ. ಆಸ್ಪತ್ರೆಗೆ ಫೋನ್ ಮಾಡಿ ವೈದ್ಯರ ಜೊತೆ ಯುವಕ ಮಾತಾಡಲಿ, ಕಾಲು ತೊಳೆಯುವುದು ಹಿರಿಯರ ಪಾಲಿಗೆ ಬರಲಿ. ಅಮೆರಿಕದ ಬಾಸ್ಟನ್‌ನಲ್ಲಿ 1985ರಲ್ಲಿ ಮನೆಯಿಲ್ಲದವರ ಚಿಕಿತ್ಸೆಗೆ ಬಂದ ಡಾ. ಜಿಮ್ ಓ'ಕಾನೆಲ್ ಅವರಿಗೆ ನರ್ಸ್ ಬಾರ್ಬರಾ ಮೆಕಿನ್ನಿಸ್ ಮೊದಲು ವಹಿಸಿದ್ದು ಬೀದಿಯವರ ಕಾಲನ್ನು ನೀರಿನಲ್ಲಿ ನೆನೆಸಿ ತೊಳೆಯುವ ಕೆಲಸ. ಇನ್ನೊಂದು: ಪಿಂಚಣಿ ಇರುವವರಿಗೂ ದಿನಗೂಲಿ ಬಿಟ್ಟು ಬರುವವನಿಗೂ ಈ ಸೇವೆಯ ಭಾರ ಒಂದೇ ಅಲ್ಲ. ಯುವಕನ ಆ ದಿನದ ಖರ್ಚನ್ನು ತಂಡವೇ ಕೊಡಲಿ. ಹಿರಿಯರ ಜೇಬಿನಿಂದ ಹೋದರೆ ಸ್ನೇಹದೊಳಗೆ ಋಣ ಹೊಕ್ಕುತ್ತದೆ.

ಬ್ಯಾಂಡೇಜು:
ಹಣತೆಯವರ ಮಾತು ಸರಿ, ಆದರೆ ಸಕ್ಕರೆ ಕಾಯಿಲೆಯವರ ಹುಣ್ಣಿನ ಕಾಲನ್ನು ನೀರಿನಲ್ಲಿ ನೆನೆಸಬೇಡಿ. ಚರ್ಮ ಮೆತ್ತಗಾಗಿ ಸೋಂಕು ಒಳಗಿಳಿಯುತ್ತದೆ. ಕಾಲಿಗೆ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬಿಸಿನೀರು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಹುಣ್ಣಿನ ಮೇಲೆ ಸುರಿದು ತೊಳೆಯಿರಿ. ಬೆರಳ ಸಂದುಗಳನ್ನು ಒಣಗಿಸಿ, ಅಲ್ಲಿ ಕ್ರೀಮ್ ಬೇಡ. ಶೂ ಒಳಗೆ ಕೈಹಾಕಿ ಕಲ್ಲು, ಮೊಳೆ ಇದೆಯೇ ನೋಡಿ. ಕೆಂಪಾದ ಜಾಗದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮುಂದಿನ ಭೇಟಿಯಲ್ಲಿ ಕೆಂಪು ಆ ಗೆರೆಯನ್ನು ದಾಟಿದ್ದರೆ, ಕಪ್ಪಾಗಿದ್ದರೆ, ದುರ್ವಾಸನೆ ಅಥವಾ ಜ್ವರ ಇದ್ದರೆ ಅದೇ ದಿನ ಆಸ್ಪತ್ರೆಗೆ.

ಇನ್ಸುಲಿನ್ ತೆಗೆದುಕೊಂಡು ಊಟ ಸಿಗದಿದ್ದರೆ ರಕ್ತದ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತೊದಲು ಮಾತು ಬರುತ್ತದೆ. ದಾರಿಹೋಕರು ಕುಡಿದಿದ್ದಾನೆ ಅಂದುಕೊಂಡು ಮುಂದೆ ಹೋಗುತ್ತಾರೆ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ಹೃದಯ ವೈಫಲ್ಯದವರು ದೇಹದಲ್ಲಿ ತುಂಬಿದ ನೀರನ್ನು ಮೂತ್ರವಾಗಿ ಇಳಿಸುವ ಫ್ಯೂರೋಸೆಮೈಡ್ ಮಾತ್ರೆ ಬಿಸಾಡುವುದನ್ನು ಹಟ ಅನ್ನಬೇಡಿ. ನುಂಗಿದ ಒಂದು ಗಂಟೆಯೊಳಗೆ ಮೂತ್ರ ಶುರುವಾಗಿ ಸುಮಾರು ಆರು ಗಂಟೆ ಬರುತ್ತಲೇ ಇರುತ್ತದೆ. ಶೌಚಾಲಯ ಇಲ್ಲದವರು ಏನು ಮಾಡಬೇಕು? ಹತ್ತಿರದ ಶೌಚಾಲಯ ಯಾವಾಗ ತೆರೆದಿರುತ್ತದೆ ಎಂದು ನೋಡಿ, ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಲು ವೈದ್ಯರನ್ನು ಕೇಳಿ. ಇದನ್ನು ನಿಮ್ಮ ಯುವಕನೇ ಮೊದಲು ಊಹಿಸಿಯಾನು.

ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಮೊದಲ ದಿನವೇ ಹೇಳಿ, ಇಲ್ಲದಿದ್ದರೆ ರಕ್ತವೆಂದು ಹೆದರಿ ಬಿಡುತ್ತಾರೆ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ತಕ್ಷಣ ವೈದ್ಯರಿಗೆ ತಿಳಿಸಿ. ಸೋಂಕು ಹರಡುವ ಹಂತ ಕಳೆಯಿತೆಂದು ವೈದ್ಯರು ಹೇಳುವವರೆಗೆ ಬಯಲಿನಲ್ಲೇ ಭೇಟಿ, ಇಬ್ಬರಿಗೂ ಎನ್-95 ಮಾಸ್ಕ್. ಯಾವ ಔಷಧವಾದರೂ ಒಂದು ವಾರಕ್ಕಿಂತ ಹೆಚ್ಚು ಕೊಡಬೇಡಿ, ಚೀಲದ ಜೊತೆಗೇ ಕಳುವಾಗುತ್ತದೆ.

ಬೆಳಗಿನಪಾಳಿ:
ತುಂಬಾ ಉಪಕಾರವಾಯಿತು. ಕ್ಯಾನ್ಸರ್ ಇರುವವರಿಗೆ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಬೀದಿಯಲ್ಲಿ ಹೇಗೆ ನಿಭಾಯಿಸುವುದು?

ಮೆತ್ತನೆಹೊದಿಕೆ:
ಪ್ರಮಾಣ ಹೇಳುವುದು ವೈದ್ಯರದ್ದು, ಔಷಧವನ್ನು ಜೋಪಾನ ಮಾಡುವುದು ನಿಮ್ಮದು. ಸಾಮಾನ್ಯ ಮಾರ್ಫಿನ್ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. 12 ಗಂಟೆ ನಿಧಾನವಾಗಿ ಕೆಲಸ ಮಾಡುವ ಮಾತ್ರೆ ಆಗಬಹುದೇ ಎಂದು ವೈದ್ಯರನ್ನು ಕೇಳಿ. ಅದನ್ನು ಪುಡಿ ಮಾಡಲೇಬಾರದು, 12 ಗಂಟೆಯ ಔಷಧ ಒಂದೇ ಸಲ ದೇಹಕ್ಕಿಳಿದು ಉಸಿರೇ ನಿಲ್ಲಬಹುದು. ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ ಇರಲಿ. ಇದಕ್ಕೆ ಮಾತ್ರ ಒಂದು ವಾರವೂ ಹೆಚ್ಚು, ಎರಡು ಮೂರು ದಿನದ್ದು ಸಾಕು. ಸುತ್ತಲಿನವರ ಎದುರು ಅದರ ಹೆಸರೆತ್ತಬೇಡಿ, ಮಾತ್ರೆಗಾಗಿ ರೋಗಿಯನ್ನೇ ಹೊಡೆದಾರು.

ಅವರಿಗೆ ಮಾತಾಡುವ ಶಕ್ತಿ ಇರುವಾಗಲೇ ಕೇಳಿ: ಕೊನೆಗೆ ಎಲ್ಲಿರಬೇಕು, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಅಂತ್ಯಕ್ರಿಯೆ ಹೇಗೆ, ಸಾಕಿದ ನಾಯಿ ಯಾರ ಪಾಲಿಗೆ. ಬರೆದು, ಓದಿ ಹೇಳಿ, ಒಂದು ಪ್ರತಿಯನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸಿ. ಬೀದಿಯಲ್ಲಿ ಕರೆಯುವ ಹೆಸರು, ದಾಖಲೆಯ ಹೆಸರು ಎರಡೂ ಇರಲಿ. ಒಂದೇ ಇದ್ದರೆ ವಾರ್ಡಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸಾವಾದ ಮೇಲೆ ಒಂದು ವಾರ ಈ ಜೋಡಿಗೆ ಹೊಸ ರೋಗಿಯನ್ನು ಒಪ್ಪಿಸಬೇಡಿ. ಅಂತ್ಯಕ್ರಿಯೆಗೆ ಇಬ್ಬರೂ ಹೋಗಲಿ, ಎಷ್ಟೋ ಸಲ ಬೇರೆ ಯಾರೂ ಬರುವುದಿಲ್ಲ. ಯುವಕನಿಗೆ ಹಳೆಯ ದಿನಗಳು ಮರುಕಳಿಸುವ ಹೊತ್ತು ಅದು. ಹಿರಿಯರು ಅಂದು ರಾತ್ರಿ ಒಂದು ಫೋನ್ ಮಾಡಲಿ. ಇಬ್ಬರಲ್ಲೊಬ್ಬರು ಹುಷಾರು ತಪ್ಪುವ ದಿನಕ್ಕಾಗಿ ಮೂರನೆಯವರೊಬ್ಬರನ್ನು ಈಗಿನಿಂದಲೇ ಎರಡು ವಾರ ಜೊತೆಗೆ ಕಳಿಸಿ, ರೋಗಿಗಳಿಗೆ ಆ ಮುಖವೂ ಪರಿಚಯವಾಗಲಿ.