ಪಿಯು ಗುಂಪು ಪ್ರಾಜೆಕ್ಟ್: ಐದು ಮಂದಿ ಸೇರಿ ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಥಮ ಪಿಯು ವಿದ್ಯಾರ್ಥಿನಿ, ಹುಬ್ಬಳ್ಳಿ:

ನಮಸ್ಕಾರ ರೀ. ನಮ್ಮ ಕಾಲೇಜಿನಲ್ಲಿ ಐದೈದು ಮಂದಿಯ ಗುಂಪು ಮಾಡಿ ಸಂಶೋಧನಾ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನಮ್ಮ ವಿಷಯ ‘ಉಣಕಲ್ ಕೆರೆಯ ಮಾಲಿನ್ಯ’. ಒಬ್ಬರಿಗೆ ಪೀಠಿಕೆ, ಒಬ್ಬರಿಗೆ ಫೋಟೋ, ಒಬ್ಬರಿಗೆ ಪಿಪಿಟಿ ಅಂತ ಹಂಚಿಕೊಂಡಿದ್ದೇವೆ. ಆದರೆ ಕೆಲಸ ಮುಂದೆ ಹೋಗುತ್ತಲೇ ಇಲ್ಲ. ಇಬ್ಬರು ಹಳ್ಳಿಯಿಂದ ಬರುತ್ತಾರೆ, ಕಾಲೇಜು ಬಿಟ್ಟ ಕೂಡಲೇ ಬಸ್ ಹಿಡಿಯಬೇಕು. ಒಬ್ಬ ನೀಟ್ ಕೋಚಿಂಗ್ ಅಂತ ಕೈಗೇ ಸಿಗಲ್ಲ. ಡಿಸೆಂಬರ್ ಒಳಗೆ ಮುಗಿಸಬೇಕು. ಮಾಡಿದವರು, ಮಾಡಿಸಿದವರು ದಯವಿಟ್ಟು ಹೇಳಿ.

ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ:

ತಂಗಿ, ಮೊದಲು ಆ ಹಂಚಿಕೆಯನ್ನೇ ಬಿಡಿ. ಪೀಠಿಕೆ, ಫೋಟೋ, ಪಿಪಿಟಿ ಅಂತ ಪುಟದ ಲೆಕ್ಕದಲ್ಲಿ ಹಂಚಿಕೊಂಡರೆ ಕೆರೆಗೆ ಹೋಗೋರು ಯಾರು? ವೈವಾದಲ್ಲಿ ನಾನು ಮೊದಲು ಕೇಳೋದೇ ಪಿಪಿಟಿ ಮಾಡಿದವರನ್ನು: ‘ಈ ಅಂಕಿ ಹೇಗೆ ಬಂತು?’ ಕೆರೆ ನೋಡದವರು ಅಲ್ಲಿಗೇ ಸುಮ್ಮನಾಗುತ್ತಾರೆ. ಐದೂ ಮಂದಿ ಒಮ್ಮೆಯಾದರೂ ನೀರು ತುಂಬಿಸಬೇಕು, ಐದೂ ಮಂದಿ ಬ್ಯುರೆಟ್ (ದ್ರಾವಣವನ್ನು ಅಳೆದು ಹನಿ ಹನಿಯಾಗಿ ಬಿಡುವ ಗಾಜಿನ ನಳಿಗೆ) ಹಿಡಿಯಬೇಕು. ಬರೆಯುವ ಕೆಲಸ ಆಮೇಲೆ ಹಂಚಿಕೊಳ್ಳಿ.

ಎರಡನೆಯದು, ವಿಷಯ ತುಂಬಾ ದೊಡ್ಡದಾಯಿತು. ‘ಉಣಕಲ್ ಕೆರೆಯ ಮಾಲಿನ್ಯ’ ಅನ್ನೋದು ಪ್ರಶ್ನೆಯೇ ಅಲ್ಲ, ಬರೀ ಹೆಸರು. ಹೀಗೆ ಕೇಳಿ ನೋಡಿ: ಅಂತರಗಂಗೆ (ನೀರಿನ ಮೇಲೆ ತೇಲಿ ಹರಡುವ ಕಳೆ) ಮುಚ್ಚಿಕೊಂಡ ಕಡೆ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ, ತೆರೆದ ನೀರಿನಲ್ಲಿ ಎಷ್ಟಿದೆ? ಇದಕ್ಕೆ ನೀವೇ ಉತ್ತರ ಹುಡುಕಬಹುದು. ಉತ್ತರ ನೀವು ಅಂದುಕೊಂಡ ಹಾಗೆ ಬರದಿದ್ದರೂ ಪ್ರಾಜೆಕ್ಟ್ ಕೆಡಲ್ಲ.

ಕರಗಿದ ಆಮ್ಲಜನಕ ಅಳೆಯೋಕೆ ವಿಂಕ್ಲರ್ ವಿಧಾನ ಅಂತ ಇದೆ. ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ ತುಂಬಿಸಿ, ಒಳಗೇ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಸಹ ಉಳಿಯಬಾರದು. ಉಳಿದರೆ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಅಲ್ಲೇ ದಂಡೆ ಮೇಲೆ ಮ್ಯಾಂಗನಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೆಳಗೆ ಕೂರುತ್ತದೆ, ಇಲ್ಲವೇ ಇಲ್ಲ ಅಂದರೆ ಗಸಿ ಬೆಳ್ಳಗೇ ಇರುತ್ತದೆ. ಮಕ್ಕಳು ಇದನ್ನು ಕಣ್ಣಾರೆ ನೋಡಿದ ಮೇಲೆ ಪ್ರಾಜೆಕ್ಟ್ ಮೇಲಿನ ಆಸಕ್ತಿಯೇ ಬೇರೆಯಾಗುತ್ತದೆ, ಎಷ್ಟೋ ಬ್ಯಾಚಿನಲ್ಲಿ ಕಂಡಿದ್ದೇನೆ. ಉಳಿದ ಟೈಟ್ರೇಷನ್, ಅಂದರೆ ಬಣ್ಣ ಬದಲಾಗುವ ತನಕ ದ್ರಾವಣ ಹನಿಸಿ ಅಳೆಯೋದು, ಲ್ಯಾಬಿನಲ್ಲಿ. ಸ್ಟಾರ್ಚ್ ಹಾಕಿದ ಮೇಲಿನ ನೀಲಿ ಬಣ್ಣ ಹೋಗುವ ತನಕ ಥಯೋಸಲ್ಫೇಟ್ ಬಿಡಬೇಕು. ಈ ರಾಸಾಯನಿಕಗಳು ನಿಮ್ಮ ಲ್ಯಾಬಿನಲ್ಲಿ ಇಲ್ಲದಿದ್ದರೆ ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಕೇಳಿ. ಕ್ಷಾರ ಚರ್ಮ ಸುಡುತ್ತದೆ, ಹಾಗಾಗಿ ಗ್ಲೌಸ್ ಬೇಕು, ಜೊತೆಗೆ ಉಪನ್ಯಾಸಕರು ಇರಲೇಬೇಕು. ಕೆರೆಗೆ ಇಳಿಯಬೇಡಿ.

ಇನ್ನೊಂದು. ಎರಡೂ ಕಡೆಯ ನೀರು ಒಂದೇ ಹೊತ್ತಿನಲ್ಲಿ ತೆಗೆಯಿರಿ. ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನ ಹೆಚ್ಚು ಬರುತ್ತದೆ, ಬೆಳಗಿನ ಜಾವ ಕಡಿಮೆ. ಒಂದು ಕಡೆ ಬೆಳಗ್ಗೆ, ಇನ್ನೊಂದು ಕಡೆ ಮಧ್ಯಾಹ್ನ ತೆಗೆದರೆ ನೀವು ಹೋಲಿಸಿದ್ದು ಹೊತ್ತನ್ನೇ ಹೊರತು ಜಾಗವನ್ನಲ್ಲ.

ಬಿ.ಕಾಂ ವಿದ್ಯಾರ್ಥಿ, ಹಾವೇರಿ:

ನಾವು ಪಿಯು ಕಾಮರ್ಸಿನಲ್ಲಿದ್ದಾಗ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಮೇಲೆ ಮಾಡಿದ್ದೆವು. ಮೇಡಂ ಹೇಳಿದ್ದು ಸರ್ವೇಗೂ ಅನ್ವಯಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿತು, ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋದೆಲ್ಲ ಎಲ್ಲರಿಗೂ ಸಿಗುವ ಮಾಹಿತಿ. ಅದನ್ನೇ ಹತ್ತು ಪುಟ ಬರೆದರೆ ನಿಮ್ಮದು ಅಂತ ಏನೂ ಇರಲ್ಲ. ನಾವು ಕೇಳಿಕೊಂಡಿದ್ದು ಇಷ್ಟೇ: ಬ್ಯಾಡಗಿಯಲ್ಲೇ ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಒಂದೇ ದಿನ ಡಬ್ಬಿಗೂ ಕಡ್ಡಿಗೂ ರೈತರ ಕೈಗೆ ಸಿಕ್ಕ ರೇಟಿನಲ್ಲಿ ಎಷ್ಟು ವ್ಯತ್ಯಾಸ?

ಪ್ರಶ್ನೆಪಟ್ಟಿ ಬಗ್ಗೆ ಹೇಳಲೇಬೇಕು. ‘ನಿಮ್ಮ ವಾರ್ಷಿಕ ಆದಾಯ ಎಷ್ಟು?’ ಅಂತ ಕೇಳಿದರೆ ಯಾರೂ ಹೇಳಲ್ಲ. ಹೇಳಿದರೂ ಅಂದಾಜಿಗೆ ಹೇಳುತ್ತಾರೆ, ಯಾಕಂದರೆ ಯಾವ ರೈತರೂ ವರ್ಷದ ಲೆಕ್ಕವನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡಲ್ಲ. ‘ಕಾಕಾ, ಇವತ್ತ ಎಷ್ಟ ಚೀಲ ತಂದೀರಿ? ಯಾವ ರೇಟಿಗೆ ಹೋತು?’ ಅಂತ ಕೇಳಿ, ಕೂಡಲೇ ಉತ್ತರ ಬರುತ್ತದೆ. ಟೆಂಡರ್ ರೇಟು ಬರೋ ತನಕ ಅವರ ತಲೆಯೆಲ್ಲ ಅಲ್ಲೇ ಇರುತ್ತದೆ, ಆಗ ಕಾಡಬೇಡಿ. ರೇಟು ಗೊತ್ತಾಗಿ ಚಹಾ ಕುಡಿಯುವಾಗ ಹೋಗಿ ಕೂತರೆ ಅವರೇ ಬಾಡಿಗೆ, ಹಮಾಲಿ ಎಲ್ಲ ಬಿಡಿಸಿ ಹೇಳುತ್ತಾರೆ. ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿಬಿಡಿ, ಹೆಸರು ಬರೆದುಕೊಳ್ಳಬೇಡಿ. ಹೆಸರು ಬರೆಯಲ್ಲ ಅಂದ ಮೇಲೆ ಮಾತು ಸಲೀಸಾಗುತ್ತದೆ.

ಇಬ್ಬಿಬ್ಬರು ಹೋಗಬೇಕು. ಒಬ್ಬರು ಮಾತಾಡಬೇಕು, ಒಬ್ಬರು ಬರೆಯಬೇಕು, ಮುಂದಿನ ರೈತರ ಹತ್ತಿರ ಅದಲುಬದಲು. ಮಾತಾಡೋಕೆ ನಾಚಿಕೆ ಪಡುತ್ತಿದ್ದ ನಮ್ಮ ಗೆಳೆಯನೊಬ್ಬ ಮಧ್ಯಾಹ್ನದ ಹೊತ್ತಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳುತ್ತಿದ್ದ. ಅವನ ಮನೆಯಲ್ಲೂ ಮೆಣಸಿನಕಾಯಿ ಬೆಳೆಯುತ್ತಾರೆ, ಯಾವುದನ್ನು ಕೇಳಬೇಕು ಅಂತ ಅವನಿಗೆ ಗೊತ್ತಿತ್ತು. ನಿಮ್ಮ ಗುಂಪಿನಲ್ಲಿ ಹಳ್ಳಿಯಿಂದ ಬರುವ ಇಬ್ಬರನ್ನು ಕಷ್ಟ ಅಂತ ನೋಡಬೇಡಿ. ಅವರ ಊರಿನ ಕೆರೆಯೂ ಹೋಲಿಕೆಗೆ ಆಗಬಹುದು, ಅಲ್ವಾ?

ಜೀವಶಾಸ್ತ್ರ ಓದಿದವರು, ಗದಗ:

ಅಂಕಿ ಬರೆದಿಡುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ನಾವು ಅಲ್ಲಿ ಎಣಿಕೆ ಮಾಡುವಾಗ ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ಒಂದೇ ಹಿಂಡನ್ನು ಮೂವರೂ ಬೇರೆ ಬೇರೆ ಎಣಿಸಬೇಕು, ಬರೆದುಕೊಳ್ಳುವ ತನಕ ಯಾರೂ ಬಾಯಿ ಬಿಡಬಾರದು. ಒಬ್ಬ ‘ಇನ್ನೂರು’ ಅಂದರೆ ಉಳಿದವರಿಗೂ ಇನ್ನೂರೇ ಕಾಣುತ್ತದೆ! ಮೂರೂ ಅಂಕಿ ಬರೆಯಿರಿ, ಸರಾಸರಿ ಆಮೇಲೆ. ಹೆಬ್ಬಾತುಗಳು ಮೇಯೋಕೆ ಹೊಲಗಳಿಗೆ ಹಾರಿ ಹೋಗುತ್ತವೆ, ಹಾಗಾಗಿ ಎಣಿಸಿದ ಹೊತ್ತು ಬರೆಯದ ಅಂಕಿಗೆ ಬೆಲೆ ಇಲ್ಲ.

ಒಂದೇ ನೋಟ್‌ಬುಕ್ ಇರಲಿ. ತಾರೀಖು, ಹೊತ್ತು, ಜಾಗ, ಯಾರು ಅಳೆದರು, ಇಷ್ಟನ್ನು ಅಲ್ಲೇ ನಿಂತು ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಹಾಳೆ ಹರಿಯಬೇಡಿ. ಅವತ್ತೇ ಎಲ್ಲರೂ ಆ ಪುಟದ ಫೋಟೋ ತೆಗೆದುಕೊಳ್ಳಿ.

ತಂದೆ, ನವಲಗುಂದ:

ನಮ್ಮ ಹುಡುಗಿ ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡುತ್ತಾಳೆ. ಸಂಜೆ ಮೀಟಿಂಗ್ ಅಂದರೆ ನಾವು ಕಳಿಸಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿಕೊಂಡೇ ಮಾತಾಡಿ ಮುಗಿಸಿ. ಕೆರೆಗೆ ಹೋಗುವ ದಿನ ಮೊದಲೇ ಗೊತ್ತಿದ್ದರೆ ನಾವೇ ಮುಂಜಾನೆ ಬೇಗ ಬಿಟ್ಟು ಹೋಗುತ್ತೇವೆ. ಕಲರ್ ಪ್ರಿಂಟ್, ದುಬಾರಿ ಬೈಂಡಿಂಗ್ ಬೇಡ. ಆ ಖರ್ಚು ಎಲ್ಲ ಮನೆಗೂ ಹಗುರವಲ್ಲ, ಮಕ್ಕಳು ಬಾಯಿ ಬಿಟ್ಟು ಹೇಳೋದೂ ಇಲ್ಲ.

ಪ್ರಥಮ ಪಿಯು ವಿದ್ಯಾರ್ಥಿನಿ, ಹುಬ್ಬಳ್ಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಅಂತರಗಂಗೆಯ ಪ್ರಶ್ನೆ ಎಲ್ಲರಿಗೂ ಹಿಡಿಸಿತು. ಆದರೆ ಆ ಕೋಚಿಂಗ್ ಹುಡುಗನದು ಏನು ಮಾಡೋದು? ಸುಮ್ನೆ ಹೆಸರು ಹಾಕೋಕೆ ಮನಸ್ಸಿಲ್ಲ, ಬಿಡೋಕೂ ಮನಸ್ಸಿಲ್ಲ.

ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ:

ಅವನಿಗೆ ಟೈಟ್ರೇಷನ್ ಲೆಕ್ಕ ಕೊಡಿ. 0.025 ನಾರ್ಮಲ್ (ದ್ರಾವಣದ ಸಾಂದ್ರತೆಯ ಅಳತೆ) ಥಯೋಸಲ್ಫೇಟ್, 200 ಮಿ.ಲೀ. ಮಾದರಿ ತೆಗೆದುಕೊಂಡರೆ, ಖರ್ಚಾದ ಪ್ರತಿ 1 ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ಹೀಗೆ ಯಾಕೆ ಬರುತ್ತದೆ ಅಂತ ಅವನೇ ಬಿಡಿಸಿ ನಿಮಗೆಲ್ಲ ಹೇಳಿಕೊಡಲಿ. ಅದು ರೆಡಾಕ್ಸ್ (ಉತ್ಕರ್ಷಣ-ಅಪಕರ್ಷಣ) ಪಾಠವೇ, ನೀಟ್‌ಗೂ ಬೇಕು. ಕೋಚಿಂಗ್ ಇಲ್ಲದ ಒಂದು ಭಾನುವಾರ ಕೆರೆಗೂ ಬರಲಿ. ಇಷ್ಟಕ್ಕೂ ಬರದಿದ್ದರೆ ನಿಮ್ಮ ಉಪನ್ಯಾಸಕರಿಗೆ ಈಗಲೇ ತಿಳಿಸಿ. ಡಿಸೆಂಬರಿನಲ್ಲಿ ಹೇಳಿದರೆ ಅವರೂ ಏನೂ ಮಾಡೋಕಾಗಲ್ಲ. ಅದು ಚಾಡಿ ಅಲ್ಲ, ಅವನಿಗೂ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ವರದಿಯ ಕೊನೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಅಂತ ಒಂದು ಪುಟ ಹಾಕಿ. ಐದೂ ಮಂದಿ ಅದನ್ನು ಓದಿ, ಒಪ್ಪಿ, ಸಹಿ ಮಾಡಿದ ಮೇಲೆಯೇ ಬೈಂಡಿಂಗ್‌ಗೆ ಕೊಡಿ.