ಕೌಂಟಿಯ ಮಕ್ಕಳ ಅಂಕಿಅಂಶದಲ್ಲಿ ಜನಾಂಗದ ಅಂತರ: ಎಲ್ಲಿಂದ ಎಣಿಸಬೇಕು?

ಪ್ರಶ್ನೆ: ಅಮೆರಿಕದ ಒಂದು ಕೌಂಟಿಯ ಸಲಹಾ ಸಮಿತಿಗೆ ಹೊಸದಾಗಿ ಸೇರಿದ್ದೇನೆ. ಫಾಸ್ಟರ್ ಕೇರ್‌ನಲ್ಲೂ (ಮನೆಯಿಂದ ತೆಗೆದ ಮಕ್ಕಳನ್ನು ಬೇರೆಯವರ ಆರೈಕೆಯಲ್ಲಿಡುವುದು) ಜುವೆನೈಲ್ ಡಿಟೆನ್ಷನ್‌ನಲ್ಲೂ (ಅರೆಸ್ಟ್ ಆದ ಮಕ್ಕಳನ್ನು ಕೂಡಿಹಾಕುವುದು) ಕಪ್ಪುವರ್ಣೀಯ ಮಕ್ಕಳು ಯಾಕಿಷ್ಟು ಹೆಚ್ಚು ಅಂತ ವರದಿ ಕೊಡಬೇಕು. ಕೈಯಲ್ಲಿರುವುದು ಒಂದು ಎಕ್ಸೆಲ್ ಹಾಳೆ. ಅನುಭವ ಇರುವವರು ದಾರಿ ತೋರಿಸಿ.

ದತ್ತಾಂಶದ ಕಡೆಯಿಂದ: ಮೇಡಂ, ಮೊದಲು ಛೇದ ಸರಿಮಾಡಿಕೊಳ್ಳಿ. ಅರೆಸ್ಟ್‌ಗೆ 10ರಿಂದ 17 ವಯಸ್ಸಿನವರ ಜನಸಂಖ್ಯೆ ಛೇದ. ಮುಂದಿನ ಹಂತಗಳಿಗೆ ಅದರ ಹಿಂದಿನ ಹಂತದ ಸಂಖ್ಯೆ. ಲೆಕ್ಕ ತೋರಿಸಲು ಒಂದು ಕಲ್ಪಿತ ಕೌಂಟಿ: ಬಿಳಿಯ ಮಕ್ಕಳು 10,000, ಅರೆಸ್ಟ್ 200, ಕಪ್ಪುವರ್ಣೀಯರು 2,000, ಅರೆಸ್ಟ್ 120. ಸಾವಿರಕ್ಕೆ 20 ಮತ್ತು 60. ಭಾಗಿಸಿದರೆ 3. ಇದೇ ರಿಲೇಟಿವ್ ರೇಟ್ ಇಂಡೆಕ್ಸ್. ಡಿಟೆನ್ಷನ್‌ಗೆ ಹೋದವರು ಎರಡೂ ಕಡೆ 30 ಅಂತಿಟ್ಟುಕೊಳ್ಳಿ. ‘ಸಮಸಮ ಇದೆಯಲ್ಲ’ ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ಅರೆಸ್ಟ್ ಆದವರಲ್ಲಿ ಅದು 15% ಮತ್ತು 25%, ಇಂಡೆಕ್ಸ್ 1.67. ಜನಸಂಖ್ಯೆಗೆ ಹಿಡಿದರೆ ಸಾವಿರಕ್ಕೆ 3 ಮತ್ತು 15, ಅಂದರೆ 5 ಪಟ್ಟು. ಆ 5 ಬಂದಿದ್ದು 3ನ್ನು 1.67ರಿಂದ ಗುಣಿಸಿ. ದೊಡ್ಡ ಪಾಲು ಪೊಲೀಸರ ಹಂತದ್ದು. ಬರೀ ಜಡ್ಜ್‌ಗಳಿಗೆ ತರಬೇತಿ ಕೊಟ್ಟರೆ ಅದು ಅಲ್ಲಾಡುವುದಿಲ್ಲ. ಡೈವರ್ಷನ್‌ಗೆ (ಕೋರ್ಟಿಗೆ ಕಳಿಸದೆ ಬೇರೆ ದಾರಿಗೆ ತಿರುಗಿಸುವುದು) ಮಾತ್ರ ಉಲ್ಟಾ ಓದಬೇಕು: ಅಲ್ಲಿ 1ಕ್ಕಿಂತ ಕಡಿಮೆ ಬಂದರೆ ತೊಂದರೆ.

ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರು) ಕಾಲಂ ಖಾಲಿ ಇದೆಯಾ ನೋಡಿ. ಅವರನ್ನು ಬಿಳಿಯರೆಂದು ಬರೆದುಕೊಂಡಿದ್ದರೆ ಬಿಳಿಯರ ದರ ಸುಳ್ಳೇ ಏರಿ, ಎಲ್ಲರ ಅಂತರವೂ ಕುಗ್ಗಿ ಕಾಣುತ್ತದೆ. ಸಂಖ್ಯೆ ಬೆರಳೆಣಿಕೆಯಷ್ಟಿದ್ದರೆ 3 ವರ್ಷ ಕೂಡಿಸಿ.

ಮಕ್ಕಳ ಕಲ್ಯಾಣದ ಕಡೆಯಿಂದ: ಇಲ್ಲಿ ಜನ ಫಾಸ್ಟರ್ ಕೇರ್‌ನಲ್ಲಿ ಒಂದು ಗುಂಪಿನ ಪಾಲನ್ನು ಜನಸಂಖ್ಯೆಯಲ್ಲಿ ಅದರ ಪಾಲಿನಿಂದ ಭಾಗಿಸುತ್ತಾರೆ. 2021ರ ಸುಮಾರಿಗೆ ದೇಶದ ಮಕ್ಕಳಲ್ಲಿ ಕಪ್ಪುವರ್ಣೀಯರು ಸುಮಾರು 14%, ಫಾಸ್ಟರ್ ಕೇರ್‌ನಲ್ಲಿ ಸುಮಾರು 22%, ಸೂಚಿ 1.6ರ ಆಸುಪಾಸು. ಇದರಿಂದ ಕೌಂಟಿ ಕೌಂಟಿಗಳನ್ನು ಹೋಲಿಸಬೇಡಿ. ಒಂದು ಗುಂಪು ಜನಸಂಖ್ಯೆಯ 50% ಇದ್ದರೆ, ಫಾಸ್ಟರ್ ಕೇರ್‌ನ ಅಷ್ಟೂ ಮಕ್ಕಳು ಅದೇ ಗುಂಪಿನವರಾದರೂ ಸೂಚಿ 2 ದಾಟದು. 10% ಇದ್ದಲ್ಲಿ 10ರವರೆಗೂ ಹೋದೀತು.

ಇನ್ನೊಂದು, ಒಂದು ದಿನದ ತಲೆ ಎಣಿಕೆ ಮೋಸ ಮಾಡುತ್ತದೆ. ಹೆಚ್ಚು ದಿನ ಉಳಿದವರೇ ಅದರಲ್ಲಿ ಹೆಚ್ಚು ಸಿಗುತ್ತಾರೆ. ವರ್ಷದಲ್ಲಿ ಒಳಬಂದವರು, ಹೊರಹೋದವರು, ಉಳಿದ ತಿಂಗಳು, ಮೂರನ್ನೂ ಬೇರೆ ಬೇರೆ ತೆಗೆಯಿರಿ. ಯಾಕೆಂದರೆ 1997ರ ಕಾನೂನಿನ ಪ್ರಕಾರ 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ತಂದೆತಾಯಿಯ ಹಕ್ಕು ರದ್ದುಮಾಡಲು ಅರ್ಜಿ ಹಾಕಬೇಕು. ತಡವಾದಷ್ಟೂ ಮನೆಗೆ ಮರಳುವ ದಾರಿ ಮುಚ್ಚುತ್ತದೆ.

ಪ್ರೊಬೇಷನ್ ಕಡೆಯಿಂದ: ಬಾಲನ್ಯಾಯದ ಫೆಡರಲ್ ಕಾನೂನಿಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಅದನ್ನು ನೋಡಿಕೊಳ್ಳುವ ಫೆಡರಲ್ ಕಚೇರಿ ಕೇಳುವುದು 5 ಹಂತ: ಅರೆಸ್ಟ್, ಡೈವರ್ಷನ್, ವಿಚಾರಣೆಗೆ ಮುಂಚಿನ ಡಿಟೆನ್ಷನ್, ಶಿಕ್ಷಾಗೃಹ, ವಯಸ್ಕರ ಕೋರ್ಟಿಗೆ ವರ್ಗ. ಡಿಟೆನ್ಷನ್ ಹಂತದಲ್ಲಿ ಮಗುವನ್ನು ಬಿಟ್ಟರೆ ಎಷ್ಟು ಅಪಾಯ ಅಂತ ಅಂಕ ಹಾಕುವ ಫಾರಂ ಇದ್ದರೆ ಮೊತ್ತ ನೋಡಿ ಸುಮ್ಮನಾಗಬೇಡಿ, ಓವರ್‌ರೈಡ್ ಎಣಿಸಿ. ಬಿಡಬಹುದಾದ ಅಂಕ ಬಂದರೂ ಒಳಗೆ ಇಟ್ಟವರೆಷ್ಟು, ಕಾರಣ ಏನಂತ ಬರೆದಿದ್ದಾರೆ, ಯಾವ ಜನಾಂಗ. ‘ಕರೆದೊಯ್ಯಲು ಪೋಷಕರು ಬರಲಿಲ್ಲ’ ಅನ್ನುವ ಕಾರಣ ಪದೇ ಪದೇ ಕಂಡರೆ ಅದು ಅಪಾಯದ ಮಾತಲ್ಲ, ಬಸ್ಸು ಮತ್ತು ಶಿಫ್ಟ್ ಕೆಲಸದ ಮಾತು. ಅದಕ್ಕೆ ಮದ್ದು ಸಂಜೆ ಮೇಲೆ ಮಗುವನ್ನು ಮನೆಗೆ ಬಿಟ್ಟುಬರುವ ಒಬ್ಬ ಡ್ರೈವರ್.

ಬುಡಕಟ್ಟು ಪ್ರಕರಣಗಳ ಕಡೆಯಿಂದ: ಮೂಲನಿವಾಸಿ ಮಕ್ಕಳನ್ನು ‘ಇತರೆ’ಗೆ ಸೇರಿಸಬೇಡಿ. 1978ರ ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್ ಜನಾಂಗದ ಕಾಲಂ ನೋಡುವುದಿಲ್ಲ. ಮಗು ಬುಡಕಟ್ಟಿನ ಸದಸ್ಯನೇ, ಅಥವಾ ಸದಸ್ಯರ ಮಗುವಾಗಿದ್ದು ತಾನೂ ಸದಸ್ಯತ್ವಕ್ಕೆ ಅರ್ಹನೇ ಅನ್ನುವುದಷ್ಟೇ ಮುಖ್ಯ. ಕೋರ್ಟಿನಲ್ಲಿ ಹಾಜರಿರುವ ಪ್ರತಿಯೊಬ್ಬರನ್ನೂ ಇದನ್ನು ಕೇಳಿ ದಾಖಲಿಸಬೇಕು. ಬುಡಕಟ್ಟಿಗೆ ನೋಟಿಸ್ ಸ್ವೀಕೃತಿ ಚೀಟಿ ಸಮೇತ ಅಂಚೆಯಲ್ಲಿ ಹೋಗಬೇಕು. ತಲುಪಿ 10 ದಿನವಾಗದೆ ವಿಚಾರಣೆಯಿಲ್ಲ, ಕೇಳಿದರೆ ಇನ್ನೂ 20 ದಿನ. ಫೈಲಿನಲ್ಲಿ ಆ ಚೀಟಿ ಇದೆಯಾ ಹುಡುಕಿ. ಕಾಯಿದೆಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ 7–2ರಿಂದ ಎತ್ತಿಹಿಡಿದಿದೆ. ಮಿನ್ನೆಸೋಟಾ 2024ರಲ್ಲಿ ಕಪ್ಪುವರ್ಣೀಯ ಕುಟುಂಬಗಳನ್ನು ಕಾಯಲು ಪ್ರತ್ಯೇಕ ಕಾನೂನು ಮಾಡಿತು, ಅದನ್ನೂ ಓದಿಕೊಳ್ಳಿ.

ಪ್ರಶ್ನೆ ಕೇಳಿದವರು: ಮಗುವನ್ನು ಮನೆಯಿಂದ ತೆಗೆಯುವ ಮೀಟಿಂಗಿನಲ್ಲಿ ಹೆಸರು, ಜನಾಂಗ ಮುಚ್ಚಿಟ್ಟರೆ ಸಾಲದೇ? ಸಮಿತಿಯಲ್ಲಿ ಎಲ್ಲರಿಗೂ ಇದೇ ಇಷ್ಟ.

ಮಕ್ಕಳ ಕಲ್ಯಾಣದ ಕಡೆಯಿಂದ: ನ್ಯೂಯಾರ್ಕಿನ ನಸೌ ಕೌಂಟಿಯಿಂದ ಹೆಸರಾದ ವಿಧಾನ ಅದು. ಹೆಸರು, ವಿಳಾಸ, ಶಾಲೆ, ಬಡಾವಣೆ ಎಲ್ಲ ಅಳಿಸಿ ಫೈಲ್ ಓದುತ್ತಾರೆ. ಆಮೇಲೆ ನಡೆದ ಮೌಲ್ಯಮಾಪನದಲ್ಲಿ ಪರಿಣಾಮ ಅಷ್ಟಕ್ಕಷ್ಟೇ ಅಂತ ಕಂಡಿತು. ಅಂತರ ಹುಟ್ಟುವುದು ಅದಕ್ಕೂ ಮುಂಚೆ, ಮಕ್ಕಳ ಬಗ್ಗೆ ದೂರು ಕೊಡುವ ಹಾಟ್‌ಲೈನ್ ಕರೆಯಲ್ಲಿ. 18 ತುಂಬುವುದರೊಳಗೆ ತನಿಖೆಗೆ ಒಳಗಾಗುವ ಮಕ್ಕಳು ದೇಶದಲ್ಲಿ ಸುಮಾರು 37%, ಕಪ್ಪುವರ್ಣೀಯರಲ್ಲಿ 53% ಎಂಬ ಅಂದಾಜು 2017ರಲ್ಲಿ ಪ್ರಕಟವಾಗಿದೆ. ಹಾಗಾಗಿ ನಿಮ್ಮ ಹಾಳೆಗೆ ಎರಡು ಕಾಲಂ ಸೇರಿಸಿ: ಕರೆ ಮಾಡಿದವರು ಯಾರು (ಶಾಲೆ, ಪೊಲೀಸ್, ಆಸ್ಪತ್ರೆ), ಆರೋಪ ಏನು. ‘ನಿರ್ಲಕ್ಷ್ಯ’ ಅಂತಿದ್ದಲ್ಲಿ ಕೇಸ್‌ವರ್ಕರ್ ಬರೆದ ವಿವರ ತೆಗೆದು, ಬಾಡಿಗೆ, ಕರೆಂಟು, ಮಗು ನೋಡಿಕೊಳ್ಳುವವರಿಲ್ಲದಿರುವುದು ಅಂತ ಬೇರೆ ಬೇರೆ ಗುರುತು ಹಾಕಿ. 100 ಫೈಲ್ ಸಾಕು, ಆದರೆ ಚೀಟಿ ಎತ್ತಿದ ಹಾಗೆ ಆರಿಸಿ. ಮೇಲಧಿಕಾರಿ ಆರಿಸಿಕೊಟ್ಟ ಫೈಲ್ ಬೇಡ.